ಒಗಟುಗಳೂ ನಮ್ಮ ಶಾಲೆಗಳೂ

ಒಗಟು ಹಾಕುವುದೂ ಒಗಟು ಬಿಡಿಸುವುದೂ ಕೆಲಸವಿಲ್ಲದವರ ಕಾಲಹರಣವೆಂದು ಎಣಿಸುವವರು ಅನೇಕರುಂಟು. ಪರೀಕ್ಷೆಯು ಸಮೀಪಿಸಿರುವಾಗ ಮಗಳು ಪಾಠದ ಪುಸ್ತಕವನ್ನು ಬದಿಗಿರಿಸಿ ಪತ್ರಿಕೆಯ ಪದಬಂಧದ ಮೇಲೆ ಬಾಗಿ ಕುಳಿತಿರುವುದನ್ನು ಕಂಡರೆ ತಾಯಂದಿರ ಹುಬ್ಬು ಗಂಟಿಕ್ಕುವುದು ಸಹಜವೇ. ನಾವೂ ಬಹುಕಾಲ ಅದೇ ಪಕ್ಷದವರಾಗಿದ್ದೆವು. ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿನಿಯರು ಕೇಳಿಕೊಂಡಾಗ, ಮುಖ್ಯೋಪಾಧ್ಯಾಯಿನಿಯಿಂದ ಎಲ್ಲರೂ ನಿರೀಕ್ಷಿಸತಕ್ಕ ಶಿಸ್ತು, ಸಮಯಪಾಲನೆ ಮುಂತಾದ ವಿಷಯಗಳನ್ನು ಬಿಟ್ಟು ಒಗಟುಗಳ ವಿಷಯವನ್ನು ನಾವು ಆರಿಸಿಕೊಂಡುದಕ್ಕೆ ಕಾರಣವುಂಟು. ಈ ವಿಷಯದಲ್ಲಿ ನಾವೊಂದು ತಪ್ಪು ಮಾಡಿದೆವು. ಅದನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ನಮ್ಮ ಅಭಿಪ್ರಾಯವೇನೆಂಬುದನ್ನು ವಾಚಕರ ಮುಂದಿಡುವುದು ಯುಕ್ತ.

ಶಾಲೆಯೆಂಬುದು ಪ್ರಶ್ನೆಗಳ ಮನೆ. ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯ ವರೆಗೆ ಅಲ್ಲಿ ನೂರಾರು ಪ್ರಶ್ನೆಗಳು ಕೇಳಲ್ಪಡುತ್ತವೆ. ಆದರೆ ಕೇಳುವವರು ಯಾವಾಗಲೂ ಉಪಾಧ್ಯಾಯಿನಿಯರೇ. ಉತ್ತರ ಹೇಳಬೇಕಾದವರು ಯಾವಾಗಲೂ ಮಕ್ಕಳೇ. ಕೇಳುವವರಿಗೆ ಉತ್ತರವು ಮೊದಲೇ ಗೊತ್ತು. ತಿಳಿಯದೆ ಕೇಳುವುದಲ್ಲ, ಪರೀಕ್ಷಿಸುವುದಕ್ಕಾಗಿ ಕೇಳುವುದು. ಒಗಟಿನಲ್ಲಿಯೂ ಕೇಳುವವರಿಗೆ ಉತ್ತರ ಗೊತ್ತೇ ಇರುತ್ತದೆ. ಆದರೆ ಅಲ್ಲಿ ಕೇಳುವ ಅಧಿಕಾರವು ಯಾರಿಗೂ ಮೀಸಲಲ್ಲ. ಐದು ವರುಷದ ಮೊಮ್ಮಗಳು ಅಜ್ಜಿಗೆ ಒಗಟು ಹಾಕಬಹುದು. ಅಜ್ಜಿಗೆ ಬಿಡಿಸಲಾಗದಿದ್ದರೆ 'ಸೋತೆನವ್ವಾ, ನೀನೇ ಹೇಳು' ಎಂದು ಒಪ್ಪಿಕೊಳ್ಳಲೇ ಬೇಕು. ಹಿರಿಯರು ಕಿರಿಯರೆದುರು ಮಾನಹಾನಿಯಿಲ್ಲದೆ ಸೋಲಬಹುದಾದ ಸ್ಥಳಗಳು ಲೋಕದಲ್ಲಿ ಬಹಳವಿಲ್ಲ, ಅವುಗಳಲ್ಲಿ ಇದೊಂದು. ಆದಕಾರಣ ಒಗಟಿಗೆ ಶಾಲೆಯಲ್ಲಿ ಗೌರವದ ಸ್ಥಾನವಿರಬೇಕೆಂಬುದೂ, ಮಗುವಿನೆದುರು 'ಸೋತೆ' ಎಂದು ಹೇಳಲಾರದ ಉಪಾಧ್ಯಾಯಿನಿಯು ಆ ಮಗುವಿಗೆ ಪ್ರಶ್ನೆ ಕೇಳುವುದನ್ನು ಕಲಿಸಲಾರಳೆಂಬುದೂ ನಮ್ಮ ಅಭಿಪ್ರಾಯ.

ಒಗಟು ನಮ್ಮ ನಾಡಿಗೆ ಹೊಸದಲ್ಲ. ಅದು ವಿಶೇಷವಾಗಿ ಹೆಂಗಸರ ಸೊತ್ತು. ಬೀಸುವ ಕಲ್ಲು, ಒನಕೆ, ಒಲೆ, ಕೊಡ, ಸೂಜಿ, ತೆಂಗಿನಕಾಯಿ, ಬಾಳೆಗೊನೆ ಇವೆಲ್ಲ ನಮ್ಮ ಅಜ್ಜಿಯಂದಿರ ಒಗಟುಗಳಲ್ಲಿ ವೇಷ ಮರೆಸಿಕೊಂಡು ಬರುತ್ತವೆ. ದಿನವೂ ಕೈಯಾಡಿಸಿ ಬೇಸರವಾದ ವಸ್ತುವನ್ನು ಒಗಟು ಹೊಸದಾಗಿ ಮಾಡಿ ತೋರಿಸುತ್ತದೆ. ಉತ್ತರ ಕರ್ನಾಟಕದ ಮದುವೆಯ ಮನೆಗಳಲ್ಲಿ ಒಡಪು ಹೇಳುವ ವಾಡಿಕೆಯುಂಟು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಳೆಯಿದ್ದ ಕಾಲದಲ್ಲಿ, ಹೆಂಗಸರು ಆ ಹೆಸರನ್ನು ಪ್ರಾಸದ ಮಾತುಗಳ ನಡುವೆ ಅಡಗಿಸಿ ನಾಲ್ಕು ಜನರ ಮುಂದೆ ಹೇಳಿ ನಗುತ್ತಿದ್ದರು. ಆಡಬಾರದೆಂದ ಮಾತನ್ನೇ ಆಡುವುದಕ್ಕೆ ಅವರು ಕಂಡುಕೊಂಡ ದಾರಿಯದು. 'ಒಡಪು' ಎಂಬ ಮಾತಿಗೆ ಒಗಟೆಂಬ ಅರ್ಥವೂ ಇರುವುದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. ಪ್ರಾಚೀನರು ಎಣಿಸಿದ 64 ಕಲೆಗಳಲ್ಲಿ ಪ್ರಹೇಲಿಕೆಯೆಂಬ ಒಗಟಿನ ವಿದ್ಯೆಯೂ, ಮ್ಲೇಚ್ಛಿತವಿಕಲ್ಪವೆಂಬ ಗೂಢಲಿಪಿಯ ವಿದ್ಯೆಯೂ ಸೇರಿವೆ. 12ನೆಯ ಶತಮಾನದ ಶರಣರು ತಮ್ಮ ಅನುಭಾವದ ಮಾತುಗಳನ್ನು ಬೆಡಗಿನ ವಚನಗಳಲ್ಲಿ ಮುಚ್ಚಿಟ್ಟರು. ಅಲ್ಲಮಪ್ರಭುವಿನ ಅಂಥ ವಚನಗಳನ್ನು ಬಿಡಿಸುವ ಪ್ರಯತ್ನವು ಇಂದಿಗೂ ನಿಂತಿಲ್ಲ. ಹೀಗಿರಲು ಒಗಟನ್ನು ಮಕ್ಕಳಾಟವೆಂದು ತಳ್ಳಿಬಿಡುವುದು ಸರಿಯಲ್ಲ.

ಗಣಿತವನ್ನು ಕಂಡು ಹೆದರುವ ಹುಡುಗಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಅವರಿಗೆ ನಾವು ಹೇಳುವುದೇನೆಂದರೆ, ನಮ್ಮ ನಾಡಿನ ಗಣಿತವು ಒಗಟಿನ ವೇಷದಲ್ಲಿಯೇ ಬೆಳೆಯಿತು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಗುಣಿಸಿದಾಗ ಕೊರಳ ಹಾರದಂತೆ ಎರಡು ಕಡೆಯಿಂದಲೂ ಒಂದೇ ರೀತಿ ಕಾಣುವ ಸಂಖ್ಯೆಗಳೆಂದರೆ ಅವನಿಗೆ ಬಹಳ ಪ್ರೀತಿ. 142857143ನ್ನು 7ರಿಂದ ಗುಣಿಸಿ ನೋಡಿದರೆ ಆ ಹಾರವು ಯಾವುದೆಂದು ಹುಡುಗಿಯರಿಗೆ ತಾನಾಗಿ ತಿಳಿಯುವುದು. 12ನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಅದೇ ಶತಮಾನದ 1150ರಲ್ಲಿ ಭಾಸ್ಕರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಲೀಲಾವತಿ'ಯ ಹಲವು ಲೆಕ್ಕಗಳು ಒಬ್ಬ ಬಾಲೆಯನ್ನು ಕರೆದು ಕೇಳುವಂತಿವೆ. ಆ ಲೆಕ್ಕಗಳಲ್ಲೊಂದರ ಸಾರವಿದು: ಒಂದು ದುಂಬಿಗಳ ಹಿಂಡಿನಲ್ಲಿ ಐದನೆಯ ಒಂದು ಪಾಲು ಕದಂಬದ ಹೂವಿಗೆ ಹೋಯಿತು, ಮೂರನೆಯ ಒಂದು ಪಾಲು ಶಿಲೀಂಧ್ರದ ಹೂವಿಗೆ ಹೋಯಿತು, ಈ ಎರಡು ಪಾಲುಗಳ ವ್ಯತ್ಯಾಸದ ಮೂರರಷ್ಟು ಕುಟಜದ ಹೂವಿಗೆ ಹೋಯಿತು, ಉಳಿದ ಒಂದು ದುಂಬಿಯು ಕೇದಗೆಯ ಪರಿಮಳಕ್ಕೂ ಮಾಲತಿಯ ಪರಿಮಳಕ್ಕೂ ನಡುವೆ ಅತ್ತಿತ್ತ ಹಾರಾಡುತ್ತಿತ್ತು, ಹಾಗಾದರೆ ದುಂಬಿಗಳೆಷ್ಟು? ಉತ್ತರವನ್ನು ನಾವಿಲ್ಲಿ ಬರೆಯುವುದಿಲ್ಲ. ಇದೇ ಲೆಕ್ಕವನ್ನು ದುಂಬಿಗಳನ್ನೂ ಹೂವುಗಳನ್ನೂ ತೆಗೆದುಹಾಕಿ ಬರಿಯ ಭಿನ್ನರಾಶಿಯಾಗಿ ಹಲಗೆಯ ಮೇಲೆ ಬರೆದಾಗ ತರಗತಿಯಲ್ಲಿ ನಿಟ್ಟುಸಿರು ಕೇಳಿಸುತ್ತದೆ. ದುಂಬಿಗಳೊಡನೆ ಹೇಳಿದಾಗ ಕೈಗಳು ಮೇಲೇಳುತ್ತವೆ. ಇದು ನಾವು ಮತ್ತೆ ಮತ್ತೆ ಕಂಡ ಸಂಗತಿ.

ಒಗಟಿನ ಒಡಹುಟ್ಟಿದವಳು ಗೂಢಲಿಪಿ. ಒಗಟು ವಸ್ತುವಿಗೆ ವೇಷ ಹಾಕುತ್ತದೆ, ಗೂಢಲಿಪಿಯು ಅಕ್ಷರಕ್ಕೆ ವೇಷ ಹಾಕುತ್ತದೆ. ಸಂಗೀತವನ್ನು ಕಲಿಯುವ ನಮ್ಮ ಹುಡುಗಿಯರು ತಮಗರಿವಿಲ್ಲದೆಯೇ ದಿನವೂ ಒಂದು ಗೂಢಲಿಪಿಯನ್ನು ಉಚ್ಚರಿಸುತ್ತಾರೆ. ಕರ್ಣಾಟಕ ಸಂಗೀತದ 72 ಮೇಳರಾಗಗಳ ಹೆಸರುಗಳಲ್ಲಿ ಆಯಾ ಮೇಳದ ಅಂಕೆಯು ಕಟಪಯಾದಿಯೆಂಬ ಕ್ರಮದಿಂದ ಅಡಗಿದೆ. ಕ, ಟ, ಪ, ಯ ಈ ನಾಲ್ಕರಿಂದಲೂ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗಬೇಕು. ಞ, ನ ಎಂಬಿವು ಸೊನ್ನೆ. ಹೆಸರಿನ ಮೊದಲೆರಡು ಅಕ್ಷರಗಳ ಅಂಕೆಗಳನ್ನು ತಿರುಗಿಸಿ ಓದಬೇಕು. 'ಧೀರಶಂಕರಾಭರಣ'ದಲ್ಲಿ ಧ ಒಂಬತ್ತು, ರ ಎರಡು; ತಿರುಗಿಸಿದರೆ 29. 'ಮೇಚಕಲ್ಯಾಣಿ'ಯಲ್ಲಿ ಮ ಐದು, ಚ ಆರು, ತಿರುಗಿಸಿದರೆ 65. ಶಂಕರಾಭರಣಕ್ಕೆ 'ಧೀರ' ಎಂಬುದೂ ಕಲ್ಯಾಣಿಗೆ 'ಮೇಚ' ಎಂಬುದೂ ಏಕೆ ಅಂಟಿಕೊಂಡವೆಂಬುದು ಈಗ ಸ್ಪಷ್ಟವಾಗುವುದು. 'ರಸಿಕಪ್ರಿಯ'ದ ಅಂಕೆಯನ್ನು ಓದುವವರೇ ಕಂಡುಹಿಡಿಯಲಿ.

ಸತ್ಯವೇದವನ್ನು ಓದುವವರಿಗೂ ಗೂಢಲಿಪಿಯು ಅಪರಿಚಿತವಲ್ಲ. ಯೆರೆಮೀಯನ ಗ್ರಂಥದಲ್ಲಿ ಎರಡು ಕಡೆ, ಅಂದರೆ 25ನೆಯ ಮತ್ತು 51ನೆಯ ಅಧ್ಯಾಯಗಳಲ್ಲಿ, 'ಶೇಷಕ್' ಎಂಬ ಹೆಸರು ಬರುತ್ತದೆ. ಭೂಪಟದಲ್ಲಿ ಹುಡುಕಿದರೆ ಆ ಊರು ಸಿಗದು. ಇಬ್ರಿಯ ಭಾಷೆಯ 22 ಅಕ್ಷರಗಳಲ್ಲಿ ಮೊದಲನೆಯದಕ್ಕೆ ಕೊನೆಯದನ್ನೂ, ಎರಡನೆಯದಕ್ಕೆ ಕೊನೆಯಿಂದ ಎರಡನೆಯದನ್ನೂ ಹೀಗೆ ಅದಲುಬದಲು ಮಾಡಿ ಬರೆದರೆ 'ಬಾಬೆಲ್' ಎಂಬುದು 'ಶೇಷಕ್' ಆಗುತ್ತದೆ. ಬಲಿಷ್ಠವಾದ ರಾಜ್ಯದ ಹೆಸರು ಪ್ರವಾದಿಯ ಗ್ರಂಥದಲ್ಲಿಯೂ ಹೀಗೆ ಮರೆಯಾಗಿ ನಿಂತಿದೆ.

ಈಗ ನಮ್ಮ ತಪ್ಪಿನ ವಿಷಯಕ್ಕೆ ಬರುವೆವು. ನಾವು ಮುಖ್ಯೋಪಾಧ್ಯಾಯಿನಿಯಾದ ಹೊಸತರಲ್ಲಿ ಬೋರ್ಡಿಂಗಿನ ಮೇಲ್ವಿಚಾರಣೆಯೂ ನಮ್ಮದೇ ಆಗಿತ್ತು. ಎಲ್ಲ ಕೋಣೆಗಳ, ಉಗ್ರಾಣದ, ಕಪಾಟುಗಳ ಕೀಲಿಗೊಂಚಲು ನಮ್ಮ ಸೊಂಟದಲ್ಲಿಯೇ ಇರುತ್ತಿತ್ತು. ಒಂದು ಸಂಜೆ ಓದಿನ ವೇಳೆಯಲ್ಲಿ ಎಂಟನೆಯ ತರಗತಿಯ ಇಬ್ಬರು ಹುಡುಗಿಯರು ಒಂದು ಚೀಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿರುವುದನ್ನು ಕಂಡು ಅದನ್ನು ಕಿತ್ತುಕೊಂಡೆವು. ಅಕ್ಷರಗಳು ಕನ್ನಡದವೇ, ಮಾತುಗಳು ಮಾತ್ರ ಯಾವ ಭಾಷೆಯವೂ ಆಗಿರಲಿಲ್ಲ. 'ಚೀಲಿ ಜಲಜಲ ಎಂಬರೆ ಮೂರು ಗಾಯಿಜೆ ಗೀಜ' ಎಂದು ಬರೆದು, ಅದರ ಕೆಳಗೆ ಚಿಕ್ಕದಾಗಿ 'ಅಙ್ಙಮವರು' ಎಂದು ಬರೆದಿತ್ತು. 'ಇದೇನು?' ಎಂದು ಕೇಳಿದೆವು. ಇಬ್ಬರೂ ತಲೆ ತಗ್ಗಿಸಿದರು. ಮತ್ತೊಮ್ಮೆ ಕೇಳಿದೆವು. ಉತ್ತರವಿಲ್ಲ. ಓದಲಾರದ ಬರಹದಲ್ಲಿ ಒಳ್ಳೆಯದೇನೂ ಇರಲಾರದೆಂದು ನಿಶ್ಚಯಿಸಿ, ಒಂದು ವಾರದ ವರೆಗೆ ಇಬ್ಬರೂ ಆಟದ ಮೈದಾನಕ್ಕೆ ಕಾಲಿಡಕೂಡದೆಂದು ಎಲ್ಲರೆದುರು ಆಜ್ಞಾಪಿಸಿದೆವು. ನಮ್ಮ ಕೋಪಕ್ಕೆ ನಿಜವಾದ ಕಾರಣವು ಆ ಚೀಟಿಯಲ್ಲ. ಅದನ್ನು ಓದಲು ನಮಗೆ ಬಾರದೆ ಹೋದದ್ದು.

ಆ ರಾತ್ರಿ ಚೀಟಿಯನ್ನು ದೀಪದ ಮುಂದಿಟ್ಟುಕೊಂಡು ಕುಳಿತೆವು. ಕೊನೆಯ ಮಾತಿನಲ್ಲಿದ್ದ 'ಙ್ಙ' ನಮ್ಮನ್ನು ತಡೆಯಿತು. ವರ್ಣಮಾಲೆಯಲ್ಲಿ ಒಪ್ಪಿಸುವಾಗ ಹೊರತು ಙಕಾರವನ್ನು ಕನ್ನಡಿಗರು ಬರೆಯುವುದೇ ಅಪರೂಪ. ಅದಕ್ಕೆ ಅದನ್ನೇ ಒತ್ತಾಗಿ ಕೊಡುವ ಮಾತು ಎಲ್ಲಿಯದು? ಹಾಗಾದರೆ ಅದು ಬೇರೊಂದು ಅಕ್ಷರದ ವೇಷವಾಗಿರಬೇಕು. ಕನ್ನಡದಲ್ಲಿ ಅಕಾರದ ಮುಂದೆ ಒತ್ತಿನೊಡನೆ ಬರುವ ಮಾತುಗಳಲ್ಲಿ ಮಕ್ಕಳ ಬಾಯಲ್ಲಿ ಮೊದಲು ಬರತಕ್ಕದ್ದು 'ಅಮ್ಮ'. ಙಕಾರವು ಮಕಾರವಾದರೆ, ಪವರ್ಗದ ಕೊನೆಯ ಅಕ್ಷರಕ್ಕೆ ಕವರ್ಗದ ಕೊನೆಯ ಅಕ್ಷರವನ್ನು ಬರೆದಿದ್ದಾರೆ. ಅಷ್ಟು ತಿಳಿದ ಮೇಲೆ ಗಂಟು ಸಡಿಲವಾಯಿತು. ಕವರ್ಗಕ್ಕೆ ಚವರ್ಗ, ಚವರ್ಗಕ್ಕೆ ಟವರ್ಗ, ಹೀಗೆ ಪ್ರತಿಯೊಂದು ವರ್ಗವೂ ಒಂದೊಂದು ಮೆಟ್ಟಿಲು ಇಳಿದು, ಕೊನೆಯದಾದ ಪವರ್ಗವು ಸುತ್ತಿ ಬಂದು ಕವರ್ಗವಾಗಿತ್ತು. ಯರಲವಗಳು ಇದ್ದಂತೆಯೇ ಇದ್ದವು. ಹಿಂದಕ್ಕೆ ಮೆಟ್ಟಿಲು ಹತ್ತಿಸಿದಾಗ ಬಂದ ಮಾತು ಇದು: 'ಕೀಲಿ ಗಲಗಲ ಎಂದರೆ ನೂರು ಬಾಯಿಗೆ ಬೀಗ.' ಅದೊಂದು ಒಗಟು. ಕೆಳಗೆ ಬರೆದಿದ್ದುದು ಅದರ ಉತ್ತರ: 'ಅಮ್ಮನವರು.' ಎಂದರೆ ನಾವು.

ಮೊದಲು ನಗು ಬಂದಿತು. ಆಮೇಲೆ ನಗು ನಿಂತಿತು. ಏಕೆಂದರೆ ಒಗಟು ಸುಳ್ಳಾಗಿರಲಿಲ್ಲ. ನಾವು ಪಡಸಾಲೆಯಲ್ಲಿ ನಡೆದು ಬರುವಾಗ ಕೀಲಿಯ ಸದ್ದಿಗೆ ಮಾತುಗಳೆಲ್ಲ ನಿಂತುಹೋಗುತ್ತಿದ್ದುದನ್ನು ನಾವು ಶಿಸ್ತೆಂದು ತಿಳಿದು ಸಂತೋಷಪಡುತ್ತಿದ್ದೆವು. ಮಕ್ಕಳು ಅದನ್ನು ಬೇರೆ ರೀತಿಯಾಗಿ ಕಂಡಿದ್ದರು. ಕಂಡುದನ್ನು ಒಂದೇ ಸಾಲಿನಲ್ಲಿ, ಒಂದು ಕೆಟ್ಟ ಮಾತಿಲ್ಲದೆ, ಹೇಳಿದ್ದರು. ಮರುದಿನ ಶಿಕ್ಷೆಯನ್ನು ರದ್ದುಮಾಡಿದೆವು. ಆದರೆ ಕಾರಣವನ್ನು ಹೇಳಲಿಲ್ಲ. 'ನಿಮ್ಮ ಒಗಟನ್ನು ಬಿಡಿಸಿದೆವು, ಅದು ಚೆನ್ನಾಗಿದೆ, ನಿನ್ನೆ ನಾವು ಆತುರಪಟ್ಟೆವು' ಎಂಬ ಮೂರು ಮಾತುಗಳು ಸಾಕಾಗಿದ್ದವು. ಹೇಳಿದರೆ ಗೌರವಕ್ಕೆ ಕುಂದು ಬರುವುದೆಂದು ಹೆದರಿದೆವು. ಬೀಗವು ನಮ್ಮ ಬಾಯಿಗೂ ಬಿದ್ದಿತ್ತು.

ಆ ಇಬ್ಬರಲ್ಲಿ ಒಬ್ಬಳು ಕೆಲವು ದಿನಗಳಲ್ಲಿ ಎಲ್ಲವನ್ನೂ ಮರೆತು ಮೊದಲಿನಂತಾದಳು. ಇನ್ನೊಬ್ಬಳು ಗೂಢಲಿಪಿಯನ್ನು ಕಟ್ಟಿದವಳು. ಲೆಕ್ಕದ ತರಗತಿಯಲ್ಲಿ 'ಅದು ಹಾಗೇಕೆ? ಹೀಗೆ ಮಾಡಿದರೆ ಏನಾಗುತ್ತದೆ?' ಎಂದು ಕೇಳಿ ಉಪಾಧ್ಯಾಯಿನಿಯರನ್ನು ಅನೇಕ ಸಲ ನಿಲ್ಲಿಸಿದವಳು. ಆ ದಿನದ ಮೇಲೆ ಅವಳು ಕೇಳುವುದನ್ನು ನಿಲ್ಲಿಸಿದಳು. ಹೇಳಿದ್ದನ್ನು ಮಾಡಿದಳು, ಕೇಳಿದ್ದಕ್ಕೆ ಉತ್ತರವನ್ನು ಕೊಟ್ಟಳು, ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿ ಶಾಲೆಯಿಂದ ಹೊರಟುಹೋದಳು. ನಮ್ಮ ಬಳಿಯಲ್ಲಿದ್ದ ಇನ್ನೆರಡು ವರುಷಗಳಲ್ಲಿ ಅವಳ ಬಾಯಿಂದ ಒಂದು ಪ್ರಶ್ನೆಯನ್ನೂ ನಾವು ಕೇಳಲಿಲ್ಲ. ಅಂಕಪಟ್ಟಿಯಲ್ಲಿ ಈ ನಷ್ಟವನ್ನು ಬರೆಯುವ ಕಲಮೇ ಇಲ್ಲ. ಈ ಲೇಖನವನ್ನು ಅವಳು ಓದುವಳೋ ಇಲ್ಲವೋ ತಿಳಿಯದು. ಅಂದು ಹೇಳದೆ ಉಳಿದ ಮಾತನ್ನು ಇಲ್ಲಿ ಹೇಳಿದ್ದೇವೆ.

ಅಂಥ ಬುದ್ಧಿಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಒಂದು ಚರಿತ್ರೆಯ ಸಂಗತಿಯನ್ನು ಹೇಳಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುಗಳ ಗೂಢಲಿಪಿಯನ್ನು ಬಿಡಿಸುವ ಕಾರ್ಯವು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್ ಎಂಬ ಸ್ಥಳದಲ್ಲಿ ನಡೆಯಿತು. ಅಲ್ಲಿ ಕೆಲಸಮಾಡಿದ ಸಾವಿರಾರು ಜನರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. 1942ರ ಜನವರಿಯಲ್ಲಿ ಲಂಡನ್ನಿನ 'ಡೈಲಿ ಟೆಲಿಗ್ರಾಫ್' ಪತ್ರಿಕೆಯು ಪದಬಂಧವನ್ನು 12 ನಿಮಿಷಗಳೊಳಗೆ ಬಿಡಿಸುವ ಸ್ಪರ್ಧೆಯೊಂದನ್ನು ನಡೆಸಿದಾಗ, ಅದರಲ್ಲಿ ಭಾಗವಹಿಸಿದವರಲ್ಲಿ ಕೆಲವರಿಗೆ ಆ ಬಳಿಕ ಇದೇ ಕಾರ್ಯಕ್ಕೆ ಕರೆ ಬಂದಿತು. ಅಲ್ಲಿದ್ದ ಮೇವಿಸ್ ಲೀವರ್ ಎಂಬ ತರುಣಿಯ ಕೈಗೆ ಒಂದು ದಿನ ಇಟಲಿಯವರ ಸಂದೇಶವೊಂದು ಬಂದಿತು. ಅವಳು ಅದರಲ್ಲಿ ಏನಿದೆಯೆಂದು ನೋಡುವುದರ ಜೊತೆಗೆ ಏನಿಲ್ಲವೆಂಬುದನ್ನೂ ನೋಡಿದಳು. ಅಷ್ಟು ಉದ್ದದ ಸಂದೇಶದಲ್ಲಿ 'ಎಲ್' ಎಂಬ ಅಕ್ಷರವು ಒಂದು ಸಲವೂ ಇರಲಿಲ್ಲ. ಎನಿಗ್ಮಾ ಯಂತ್ರವು ಯಾವ ಅಕ್ಷರವನ್ನೂ ಅದೇ ಅಕ್ಷರವಾಗಿ ಬರೆಯುತ್ತಿರಲಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಆದಕಾರಣ ಯಾರೋ ಒಬ್ಬ ಸೋಮಾರಿಯು ಯಂತ್ರವನ್ನು ಪರೀಕ್ಷಿಸುವುದಕ್ಕಾಗಿ 'ಎಲ್' ಎಂಬ ಒಂದೇ ಅಕ್ಷರವನ್ನು ಒತ್ತುತ್ತಾ ಕುಳಿತಿದ್ದಿರಬೇಕೆಂದು ಅವಳು ಊಹಿಸಿದಳು, ಊಹೆ ನಿಜವಾಯಿತು, ಯಂತ್ರದ ಗುಟ್ಟು ಬಯಲಾಯಿತು. 1941ರ ಮಾರ್ಚಿಯಲ್ಲಿ ಅವಳೂ ಅವಳ ಸಂಗಡಿಗರೂ ಬಿಡಿಸಿದ ಸಂದೇಶಗಳಿಂದಲೇ ಮಟಪಾನ್ ಭೂಶಿರದ ಬಳಿಯ ನೌಕಾಯುದ್ಧದಲ್ಲಿ ಬ್ರಿಟಿಷರಿಗೆ ಮುನ್ಸೂಚನೆ ದೊರೆಯಿತು. ಆಗ ಅವಳ ವಯಸ್ಸು 19. ನಮ್ಮ ಚೀಟಿಯಲ್ಲಿ ಇರಬಾರದ ಅಕ್ಷರವಿತ್ತು, ಅವಳ ಚೀಟಿಯಲ್ಲಿ ಇರಬೇಕಾದ ಅಕ್ಷರವಿರಲಿಲ್ಲ, ದಾರಿ ಒಂದೇ. ಯುದ್ಧಕ್ಕೆ ಉಪಯೋಗವಾಯಿತೆಂದು ನಾವು ಇದನ್ನು ಹೊಗಳುತ್ತಿಲ್ಲ. ಎಂಟನೆಯ ತರಗತಿಯ ಹುಡುಗಿಯಲ್ಲಿ ನಾವು ಉದ್ಧಟತನವೆಂದು ಕರೆಯುವ ಗುಣವನ್ನೇ ಬೇರೊಂದು ಕಡೆಯಲ್ಲಿ ಜನರು ಹುಡುಕಿಕೊಂಡು ಹೋದರೆಂಬುದನ್ನು ತೋರಿಸುವುದಕ್ಕಾಗಿ ಹೇಳಿದೆವು.

ಒಗಟಿನಿಂದ ಕೇಡೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಒಗಟಿಗೆ ಪಣ ಸೇರಿದರೆ ಅದು ಕೆಡುತ್ತದೆ. ನ್ಯಾಯಸ್ಥಾಪಕರ ಗ್ರಂಥದ 14ನೆಯ ಅಧ್ಯಾಯದಲ್ಲಿ ಸಂಸೋನನು ತನ್ನ ಮದುವೆಯ ಔತಣದಲ್ಲಿ 30 ಜನರಿಗೆ ಒಗಟು ಹಾಕಿ, 30 ಒಳಂಗಿಗಳನ್ನೂ 30 ದುಸ್ತು ಬಟ್ಟೆಗಳನ್ನೂ ಪಣವಾಗಿಟ್ಟನು. ಉತ್ತರವನ್ನು ಅವರು ಬುದ್ಧಿಯಿಂದ ಕಂಡುಹಿಡಿಯಲಿಲ್ಲ. ಮದುಮಗಳನ್ನು ಬೆದರಿಸಿ ಅವಳ ಮೂಲಕ ಪಡೆದರು. ಕಡೆಗೆ ರಕ್ತವು ಹರಿಯಿತು, ಮದುವೆಯು ಮುರಿಯಿತು. ಇದಕ್ಕೆ ಪ್ರತಿಯಾಗಿ ಶೆಬದ ರಾಣಿಯು ಸೊಲೊಮೋನನ ಬಳಿಗೆ ಕಠಿಣ ಪ್ರಶ್ನೆಗಳನ್ನು ಕಟ್ಟಿಕೊಂಡು ಬಂದಳು. ಅಲ್ಲಿ ಕೇಳಿದವಳು ಹೆಂಗಸು, ಪಣವಿರಲಿಲ್ಲ, ಇಬ್ಬರೂ ಗೌರವದಿಂದ ಬೀಳ್ಕೊಂಡರು. ನಮ್ಮ ದೇಶದಲ್ಲಿಯೂ ಒಂದು ಕಾಲದಲ್ಲಿ ದೊಡ್ಡ ಬಹುಮಾನಗಳ ಪದಬಂಧ ಸ್ಪರ್ಧೆಗಳು ಹಬ್ಬಿದ್ದವು. ಒಂದೇ ಮನೆಗೆ ಎರಡು ಮಾತುಗಳು ಸಮನಾಗಿ ಹೊಂದುವಂತೆ ಪ್ರಶ್ನೆಯನ್ನು ಮಾಡಿ, ಮೊಹರು ಹಾಕಿಟ್ಟ ಉತ್ತರಕ್ಕೆ ಸರಿಹೋದವರಿಗೆ ಹಣ ಕೊಡುವ ಪದ್ಧತಿಯದು. ಅದು ಬುದ್ಧಿಯ ಪರೀಕ್ಷೆಯಲ್ಲ, ಅದೃಷ್ಟದ ಜೂಜು. 1955ರಲ್ಲಿ ಇದಕ್ಕಾಗಿಯೇ ಕಾಯಿದೆಯಾಯಿತು. ಬುದ್ಧಿಬಲಕ್ಕೆ ತಕ್ಕಷ್ಟು ಸ್ಥಾನವಿಲ್ಲದ ಇಂಥ ಸ್ಪರ್ಧೆಯು ಜೂಜೇ ಎಂದು ಸುಪ್ರೀಂ ಕೋರ್ಟು 1957ರಲ್ಲಿ ತೀರ್ಮಾನಿಸಿತು. ಒಗಟಿಗೆ ನಿಜವಾದ ಬಹುಮಾನವು ಬಿಡಿಸಿದಾಗ ಮನಸ್ಸಿನಲ್ಲಿ ಹೊತ್ತಿಕೊಳ್ಳುವ ಬೆಳಕೇ ಹೊರತು ಬೇರೆಯಲ್ಲ.

ಇನ್ನೊಂದು ಕೇಡು ಆತುರ. ಯಕ್ಷಪ್ರಶ್ನೆಯ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಪ್ರಶ್ನೆಗೆ ಕಿವಿಗೊಡದೆ ನೀರಿಗೆ ಕೈಯಿಟ್ಟ ನಾಲ್ವರು ಸೋದರರು ಕೊಳದ ದಡದಲ್ಲಿ ಬಿದ್ದರು. ಬಾಯಾರಿಕೆಯನ್ನು ತಡೆದು ನಿಂತು ಕೇಳಿದವನು ಧರ್ಮರಾಯನೊಬ್ಬನೇ. ಈಗ ಕೈಯಲ್ಲಿ ಮೊಬೈಲ್ ಇದೆ. ಒಗಟು ಕಿವಿಗೆ ಬಿದ್ದ ಕ್ಷಣವೇ ಉತ್ತರವನ್ನು ಅದರಲ್ಲಿ ಹುಡುಕಿ ತೆಗೆಯುವುದು ಸುಲಭ. ಹಾಗೆ ತೆಗೆದ ಉತ್ತರವು ನೀರಿನಂತೆ ಬೆರಳ ಸಂದಿಯಿಂದ ಸೋರಿಹೋಗುತ್ತದೆ. ಎರಡು ದಿನ ತಲೆಯಲ್ಲಿ ಹೊತ್ತು ತಿರುಗಿ, ಊಟದ ತಟ್ಟೆಯ ಮುಂದೆ ಫಕ್ಕನೆ ಹೊಳೆದ ಉತ್ತರವು ಸಾಯುವ ತನಕ ಮರೆತುಹೋಗದು. ತಿಳಿಯದಿರುವುದನ್ನು ಸಹಿಸಿಕೊಂಡು ಕೆಲವು ಕಾಲ ಇರುವುದೂ ಒಂದು ವಿದ್ಯೆ. ಪಠ್ಯಪುಸ್ತಕಗಳು ಕಲಿಸದ ಈ ವಿದ್ಯೆಯನ್ನು ಒಗಟು ಕಲಿಸುತ್ತದೆ.

ಗೂಢಲಿಪಿಯನ್ನು ಪ್ರೋತ್ಸಾಹಿಸಿದರೆ ಹುಡುಗಿಯರು ಗುಟ್ಟು ಮಾಡುವುದನ್ನು ಕಲಿಯುವುದಿಲ್ಲವೇ ಎಂದು ಪೋಷಕರೊಬ್ಬರು ನಮ್ಮನ್ನು ಕೇಳಿದರು. ಇದು ನ್ಯಾಯವಾದ ಪ್ರಶ್ನೆ. ಗುಟ್ಟುಗಳಲ್ಲಿ ಎರಡು ವಿಧವುಂಟೆಂದು ನಾವು ಮಕ್ಕಳಿಗೆ ಬಿಚ್ಚಿ ಹೇಳುತ್ತೇವೆ. ಗೆಳತಿಯರು ತಮ್ಮೊಳಗೆ ನಗುತ್ತಾ ಕಟ್ಟಿಕೊಂಡ ಗುಟ್ಟು ಆಟ. ಯಾರಾದರೂ ದೊಡ್ಡವರು 'ಮನೆಯಲ್ಲಿ ಹೇಳಬೇಡ' ಎಂದು ಮಗುವಿನ ಮೇಲೆ ಹೊರಿಸಿದ ಗುಟ್ಟು ಆಟವಲ್ಲ. ಅದನ್ನು ಆ ದಿನವೇ ತಾಯಿಗೋ ಉಪಾಧ್ಯಾಯಿನಿಗೋ ಹೇಳತಕ್ಕದ್ದು. ಮೊದಲನೆಯದನ್ನು ಕಿತ್ತುಕೊಂಡು ಶಿಕ್ಷಿಸುವ ಶಾಲೆಯಲ್ಲಿ ಎರಡನೆಯದನ್ನು ಬಂದು ಹೇಳುವ ಧೈರ್ಯವು ಮಗುವಿಗೆ ಎಲ್ಲಿಂದ ಬರಬೇಕು?

ಈಗ ಕೆಲವು ವರುಷಗಳಿಂದ ನಮ್ಮ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪಾಠವನ್ನು 'ಒಗಟಿನ ತಾಸು' ಎಂದು ಗೊತ್ತುಮಾಡಿದ್ದೇವೆ. ಅದಕ್ಕೆ ಕಟ್ಟಳೆಗಳು ಕೆಲವೇ. ಒಗಟು ಹಾಕುವವರು ಉತ್ತರವನ್ನು ತಿಳಿದಿರಬೇಕು, ಕೇಳಿದರೆ ಒಂದು ಸುಳಿವನ್ನು ಕೊಡಬೇಕು. ಉತ್ತರ ಹೊಳೆದವಳು ಕೂಗಬಾರದು. ಕೈಯನ್ನು ಎದೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತು ಉಳಿದವರಿಗೆ ಸಮಯ ಕೊಡಬೇಕು. ಯಾರೊಬ್ಬಳ ಮೈಬಣ್ಣವನ್ನಾಗಲಿ ಮನೆತನವನ್ನಾಗಲಿ ಬಡತನವನ್ನಾಗಲಿ ಹಂಗಿಸುವ ಒಗಟು ಬರಕೂಡದು. ಬಹುಮಾನವಿಲ್ಲ, ಅಂಕಗಳಿಲ್ಲ. ಉಪಾಧ್ಯಾಯಿನಿಯರೂ ಬೆಂಚಿನ ಮೇಲೆ ಮಕ್ಕಳ ನಡುವೆ ಕುಳಿತುಕೊಳ್ಳಬೇಕು. ತಿಳಿಯದಿದ್ದರೆ 'ಸೋತೆ' ಎಂದು ಸ್ಪಷ್ಟವಾಗಿ ಹೇಳಬೇಕು. ಈ ಕೊನೆಯ ಕಟ್ಟಳೆಯೇ ಎಲ್ಲಕ್ಕಿಂತ ಕಷ್ಟವಾದದ್ದೆಂದು ನಮ್ಮ ಸಹೋದ್ಯೋಗಿಗಳು ಹೇಳುತ್ತಾರೆ. ಅಭ್ಯಾಸವಾದ ಮೇಲೆ ಎಲ್ಲಕ್ಕಿಂತ ಹಿತವಾದದ್ದೂ ಅದೇ ಎಂದೂ ಅವರೇ ಹೇಳುತ್ತಾರೆ. ಓದಿನಲ್ಲಿ ಹಿಂದುಳಿದವಳೆಂದು ಹೆಸರಾದ ಹಳ್ಳಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯಿಂದ ಕಲಿತ ಒಗಟುಗಳಿಂದ ಇಡೀ ತರಗತಿಯನ್ನು ಒಂದು ತಾಸು ಸೋಲಿಸಿದ್ದನ್ನು ನಾವು ಕಂಡಿದ್ದೇವೆ. ಮುಂದಿನ ಸೋಮವಾರ ಅವಳು ಭೂಗೋಳದ ಪಾಠದಲ್ಲಿ ಎದ್ದುನಿಂತು ಒಂದು ಪ್ರಶ್ನೆಯನ್ನು ಕೇಳಿದಳು. ಆ ಪ್ರಶ್ನೆ ದೊಡ್ಡದಾಗಿರಲಿಲ್ಲ. ಅವಳು ಕೇಳಿದ್ದು ದೊಡ್ಡದಾಗಿತ್ತು.

ಕೀಲಿಗೊಂಚಲನ್ನು ಈಗ ನಾವು ಸೊಂಟದಲ್ಲಿಟ್ಟುಕೊಳ್ಳುವುದಿಲ್ಲ, ಆಫೀಸಿನ ಗೋಡೆಯ ಮೊಳೆಗೆ ತೂಗುಹಾಕುತ್ತೇವೆ.

ಕಳೆದ ಶುಕ್ರವಾರ ಆರನೆಯ ತರಗತಿಯ ಒಬ್ಬ ಚಿಕ್ಕ ಹುಡುಗಿ ನಮಗೆ ಒಂದು ಒಗಟು ಹಾಕಿದಳು: 'ಊರಿನವರಿಗೆಲ್ಲ ಓದು ಕಲಿಸಿದಳು, ತಾನು ಒಂದಕ್ಷರವನ್ನೂ ಉಳಿಸಿಕೊಳ್ಳಲಿಲ್ಲ, ಅವಳಾರು?' ಶನಿವಾರವೂ ಆದಿತ್ಯವಾರವೂ ಯೋಚಿಸಿದೆವು; ಹೊಳೆಯಲಿಲ್ಲ. ಸೋಮವಾರ ಬೆಳಿಗ್ಗೆ ಅವಳ ತರಗತಿಗೆ ಹೋಗಿ ಎಲ್ಲರೆದುರು 'ಸೋತೆವು' ಎಂದೆವು. ಅವಳು ನಮ್ಮ ಬೆನ್ನ ಹಿಂದಕ್ಕೆ ಬೆರಳು ತೋರಿಸಿದಳು. ತಿರುಗಿ ನೋಡಿದೆವು, ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಅಲ್ಲಿ ಏನನ್ನು ಕಂಡೆವೆಂಬುದನ್ನು ನಾವಿಲ್ಲಿ ಬರೆಯುವುದಿಲ್ಲ. ವಾಚಕರು ತಾವೇ ಬಿಡಿಸಲಿ. ಬಿಡಿಸಲಾರದೆ ಹೋದರೆ ಯಾವುದಾದರೂ ಶುಕ್ರವಾರ ಕೊನೆಯ ತಾಸಿಗೆ ನಮ್ಮ ಶಾಲೆಗೆ ಬಂದು ಮಕ್ಕಳ ನಡುವೆ ಬೆಂಚಿನ ಮೇಲೆ ಕುಳಿತು 'ಸೋತೆ' ಎನ್ನಲಿ.